ಅವನಲ್ಲ, ಅವನ ಪಕ್ಕದವನು

ಮೇಡಂ ಅವರ ಬಲಗೈ ತೋರುಬೆರಳು ಮೇಲಿನ ಗೆಣ್ಣಿನಲ್ಲಿ ಎಡಕ್ಕೆ ಬಾಗಿತ್ತು. ಹೈಸ್ಕೂಲಿನಲ್ಲಿದ್ದಾಗ ಖೋ ಖೋ ಕಂಬಕ್ಕೆ ಬಡಿದು ಮುರಿದದ್ದು. ಮೈಸೂರಿನ ನಾಟಿ ವೈದ್ಯರೊಬ್ಬರು ಬಿದಿರುಕಡ್ಡಿ ಇಟ್ಟು ಕಟ್ಟಿದರಂತೆ. ಮೂಳೆ ಕೂಡಿತು, ಆದರೆ ತನಗೆ ಇಷ್ಟ ಬಂದ ದಿಕ್ಕಿಗೆ ಕೂಡಿತು. ಆ ಬೆರಳಿನಿಂದ ಅವರು ಏನನ್ನೇ ತೋರಿಸಲಿ, ನೋಡುವವರ ಕಣ್ಣು ಅದರ ಪಕ್ಕದ್ದಕ್ಕೆ ಹೋಗುತ್ತಿತ್ತು. ಸಿಂಗಪುರದಲ್ಲಿ, ಸಾಲು ತಿಂಡಿ ಅಂಗಡಿಗಳ ಹಾಕರ್ ಸೆಂಟರಿನ ಹಣ್ಣಿನಂಗಡಿಯಲ್ಲಿ ಸೀಬೆಹಣ್ಣು ತೋರಿಸಿದರೆ ಪಪ್ಪಾಯ ಹೆಚ್ಚಿ ಕೊಡುತ್ತಿದ್ದರು. ಮೇಡಂ ವಾದಿಸದೆ ಅದನ್ನೇ ತಿನ್ನುತ್ತಿದ್ದರು. ಅವರು ವಾದಿಸದೆ ಬಿಟ್ಟುಕೊಡುತ್ತಿದ್ದದ್ದು ಅದೊಂದೇ ವಿಷಯ.

ನಾನು ಅವರ ಕೈಕೆಳಗೆ ಸೇರಿದ ಮೊದಲ ದಿನ ಈ ಬೆರಳಿನ ಸಂಗತಿ ನನಗೆ ಯಾರೂ ಹೇಳಿರಲಿಲ್ಲ. ಆಂಗ್ ಮೋ ಕಿಯೋದ ಕೈಗಾರಿಕಾ ಕಟ್ಟಡವೊಂದರಲ್ಲಿ ನಮ್ಮ ಆಫೀಸು. ಗೋಡೆಯಗಲದ ಪರದೆಯ ಮೇಲೆ ಹೆಲ್ಮೆಟ್ಟು ಹಾಕಿದ, ಬೀರುವಿನಂಥ ಹೆಗಲಿನ ಹುಡುಗರು ಎರಡು ಸಾಲಾಗಿ ಎದುರುಬದುರು ಬಗ್ಗಿ ನಿಂತಿದ್ದರು. ಮೇಡಂ ಬೆರಳು ತೋರಿಸಿ, "ಇವನನ್ನ ಸಾಯಂಕಾಲದವರೆಗೂ ನೋಡಿ. ಇವನೇನು ಮಾಡ್ತಾನೆ ಅಂತ ನನಗೆ ಹೇಳಿ" ಅಂದು ಹೋದರು. ಬ್ಯಾಂಕೊಂದರ ಐಟಿ ಕೆಲಸ ಹೋಗಿ, ಈ ದೇಶದಲ್ಲಿರಲು ಬೇಕಾದ ವರ್ಕ್ ಪಾಸ್ ಮುಗಿಯುವ ಹೊತ್ತಿಗೆ ದೇವರೇ ಅಂತ ಸಿಕ್ಕ ಕೆಲಸ ಇದು. ಕಣ್ಣು ಮಿಟುಕಿಸದೆ ನೋಡಿದೆ. ಸಂಜೆ ವಿಸ್ತಾರವಾಗಿ ವರದಿ ಒಪ್ಪಿಸಿದೆ.

"ಯಾರ ಬಗ್ಗೆ ಹೇಳ್ತಿದೀರಿ ನೀವು?"

"ನೀವು ತೋರಿಸಿದ್ರಲ್ಲ ಮೇಡಂ, ಅವನೇ."

"ಅವನಲ್ಲ ರೀ. ಅವನ ಪಕ್ಕದವನು!" ಅವರು ಬೆರಳನ್ನು ನನ್ನ ಮೂಗಿನ ಮುಂದೆ ಹಿಡಿದರು. "ತುದಿ ನೋಡಬೇಡಿ. ಬುಡ ನೋಡಿ. ಬುಡ ಯಾವ ಕಡೆ ಇದೆಯೋ ಅವನು."

ನಾನು ಸ್ವಭಾವತಃ ಚಿಂತೆಯವನು. ಮನೆಗೆ ಬೀಗ ಹಾಕಿ ಲಿಫ್ಟಿನಲ್ಲಿ ಇಳಿದು ಕಟ್ಟಡದ ಕೆಳಗಿನ ಬಯಲು ಜಾಗಕ್ಕೆ, ವಾಯ್ಡ್ ಡೆಕ್ಕಿಗೆ, ಬಂದ ಮೇಲೆ ಬೀಗ ಹಾಕಿದೆನೋ ಇಲ್ಲವೋ ಅಂತ ಮತ್ತೆ ಹತ್ತುವ ಜಾತಿ. ಅಂಥವನಿಗೆ ಬೆರಳಿನ ಬುಡ ನೋಡಿ ನಿರ್ಧರಿಸು ಅಂದರೆ ಧೈರ್ಯ ಎಲ್ಲಿಂದ ಬರಬೇಕು? ಅಂದಿನಿಂದ ಮೇಡಂ ಯಾರನ್ನು ತೋರಿಸಿದರೂ ನಾನು ಇಬ್ಬರನ್ನೂ ನೋಡತೊಡಗಿದೆ. ತುದಿಗೆ ಸಿಕ್ಕವನ ವಿಡಿಯೋ ಒಂದು ಕಡೆ, ಬುಡಕ್ಕೆ ಸಿಕ್ಕವನ ವಿಡಿಯೋ ಇನ್ನೊಂದು ಕಡೆ. ಕ್ರಮೇಣ ಅದು ಚಟವಾಯಿತು. ಅಮೆರಿಕದಿಂದಲೇ ಹೆಸರು ಬರೆದು ಕಳಿಸಿದ ಹುಡುಗನಾದರೂ, ಯಾವುದಕ್ಕೂ ಇರಲಿ ಅಂತ ಪಕ್ಕದವನನ್ನೂ ಕತ್ತರಿಸಿ ಇಡುತ್ತಿದ್ದೆ.

ನಮ್ಮ ಗಿರಾಕಿ ಅಮೆರಿಕದ ಒಂದು ವೃತ್ತಿಪರ ಫುಟ್‌ಬಾಲ್ ತಂಡ. ಕಾಲಿನಿಂದ ಒದೆಯುವ ಫುಟ್‌ಬಾಲ್ ಅಲ್ಲ. ಕೈಯಲ್ಲಿ ಚೆಂಡು ಹಿಡಿದು ಓಡುವ, ಗುದ್ದುವ, ಬೀಳಿಸುವ ಅಮೆರಿಕದ ಆಟ. ಅಲ್ಲಿ ಪ್ರತಿ ವಸಂತದಲ್ಲಿ ಡ್ರಾಫ್ಟ್ ಅಂತ ನಡೆಯುತ್ತದೆ. ತಂಡಗಳೆಲ್ಲ ಸರದಿಯ ಮೇಲೆ ಕಾಲೇಜು ಹುಡುಗರನ್ನು ಒಬ್ಬೊಬ್ಬರಾಗಿ ಆರಿಸಿಕೊಳ್ಳುತ್ತವೆ. ಹಿಂದಿನ ವರ್ಷ ಚೆನ್ನಾಗಿ ಸೋತವರಿಗೆ ಮೊದಲ ಸರದಿ. ಅದಕ್ಕೆ ಮುಂಚೆ ಹುಡುಗರ ಎತ್ತರ, ತೂಕ, ತೋಳಿನ ಉದ್ದ, ಅಂಗೈ ಅಗಲ ಎಲ್ಲ ಅಳೆಯುತ್ತಾರೆ, ಓಡಿಸುತ್ತಾರೆ, ನೆಗೆಸುತ್ತಾರೆ. ಹಳೆಯ ಕಾಲದ ಹೆಣ್ಣು ನೋಡುವ ಶಾಸ್ತ್ರಕ್ಕೂ ಇದಕ್ಕೂ ಇರುವ ವ್ಯತ್ಯಾಸವೆಂದರೆ, ಇಲ್ಲಿ ಹಾಡಿಸುವುದಿಲ್ಲ. ಅಮೆರಿಕದ ಶನಿವಾರದ ಕಾಲೇಜು ಪಂದ್ಯಗಳು ಮುಗಿಯುವ ಹೊತ್ತಿಗೆ ಸಿಂಗಪುರದಲ್ಲಿ ಭಾನುವಾರ. ಅಲ್ಲಿಯವರು ಮಲಗಿ ಏಳುವಷ್ಟರಲ್ಲಿ ನಾವು ವಿಡಿಯೋ ಕತ್ತರಿಸಿ, ಯಾವ ಹುಡುಗ ಏನು ಮಾಡಿದ ಅಂತ ಗುರುತು ಹಾಕಿ, ನಮ್ಮ ಅಭಿಪ್ರಾಯ ಬರೆದು ಕಳಿಸಬೇಕು. ಹೀಗಾಗಿ ನನ್ನ ಹೆಂಡತಿಗೆ ಭಾನುವಾರದ ಗಂಡ ಇಲ್ಲದೆ ವರ್ಷಗಳೇ ಆದವು. ಅವಳೇನೂ ದೂರಿದ್ದು ನೆನಪಿಲ್ಲ. ಅದೂ ಒಂದು ಚಿಂತೆ.

ಮೇಡಂ ಈ ವಿಭಾಗದ ಮುಖ್ಯಸ್ಥೆ. ಮೈಸೂರಿನ ಮಹಿಳಾ ಕಾಲೇಜೊಂದರಲ್ಲಿ ದೈಹಿಕ ಶಿಕ್ಷಣದ ಅಧ್ಯಾಪಕಿಯಾಗಿದ್ದವರು, ಖೋ ಖೋ ತಂಡಗಳಿಗೆ ಹುಡುಗಿಯರನ್ನು ಆರಿಸುತ್ತಿದ್ದವರು. ಗಂಡನಿಗೆ ಇಲ್ಲಿ ಪ್ರೊಫೆಸರ್ ಕೆಲಸ ಸಿಕ್ಕಾಗ ಜೊತೆಗೆ ಬಂದು ಕ್ಲೆಮೆಂಟಿಯಲ್ಲಿ ಮನೆ ಮಾಡಿದರು. ಮನೆಯಲ್ಲಿ ಕೂತು ಬೇಜಾರಾಗಿ, ವಿಡಿಯೋಗೆ ಗುರುತು ಹಾಕುವ ಕೆಲಸಕ್ಕೆ ಸೇರಿ, ಆ ಆಟವನ್ನು ಅ ಆ ಇ ಈಯಿಂದ ಕಲಿತು, ಕೊನೆಗೆ ಎಲ್ಲರ ಮೇಲೆ ಕೂತರು. ಕಾಟನ್ ಸೀರೆ, ಕಾಲಿಗೆ ಸ್ಪೋರ್ಟ್ಸ್ ಶೂ. ಮೇಜಿನ ಮೇಲೆ ಮೈಲೋ ಡಬ್ಬಿಯ ತುಂಬ ಕೋಡುಬಳೆ, ಡ್ರಾಯರಿನಲ್ಲಿ ಒಂದು ಹಿತ್ತಾಳೆ ಶಿಳ್ಳೆ. ಮಧ್ಯಾಹ್ನದ ಊಟದ ಮೇಲೆ ಯಾರಾದರೂ ತೂಕಡಿಸಿದರೆ ಶಿಳ್ಳೆ ಊದುತ್ತಿದ್ದರು. ಪಕ್ಕದ ಆಫೀಸಿನವರು ಅದನ್ನು ಬೆಂಕಿಯ ಎಚ್ಚರಿಕೆ ಅಂದುಕೊಂಡು ಒಮ್ಮೆ ಮೆಟ್ಟಿಲಿಳಿದು ಓಡಿದ್ದುಂಟು.

ಅವರನ್ನು ಯಾರೂ ಆಂಟಿ ಅನ್ನುವಂತಿರಲಿಲ್ಲ. "ಆಂಟಿ ಅಂದರೆ ತರಕಾರಿ ಹೆಚ್ಚೋಕೆ ಕೂರಿಸ್ತೀನಿ. ಮೇಡಂ ಅನ್ನಿ" ಅನ್ನುತ್ತಿದ್ದರು. ನನ್ನನ್ನು ಮಾತ್ರ ಅವರು ಚಿಂತಾಮಣಿ ಅಂತಲೇ ಕರೆಯುತ್ತಿದ್ದರು. ಅದು ನಮ್ಮೂರೂ ಅಲ್ಲ, ನನ್ನ ಹೆಸರೂ ಅಲ್ಲ.

ಆಟಗಾರರನ್ನು ಅಳೆಯುವುದರಲ್ಲಿ ಅವರಿಗೆ ಅವರದೇ ಒಂದು ದಾರಿಯಿತ್ತು, ಅದು ಖೋ ಖೋ ಅಂಗಳದಿಂದ ಬಂದದ್ದು. ಆ ಆಟದಲ್ಲಿ ಅಟ್ಟಿಸಿಕೊಂಡು ಹೋಗುವವರು ಒಬ್ಬರು. ಉಳಿದವರು ಸಾಲಾಗಿ ಕೂತಿರುತ್ತಾರೆ, ಬೆನ್ನಿಗೆ ಏಟು ಬಿದ್ದು "ಖೋ" ಅಂದಾಗ ಎದ್ದು ಓಡಬೇಕು. "ಓಡೋಳನ್ನ ಊರೆಲ್ಲಾ ನೋಡುತ್ತೆ ರೀ. ನಾನು ಕೂತಿರೋರನ್ನ ನೋಡಿ ಟೀಮ್ ಸೆಲೆಕ್ಟ್ ಮಾಡ್ತಿದ್ದೆ. ಕೂತಿರೋವಾಗ ಕಣ್ಣು ಎಲ್ಲಿದೆ, ಕಾಲು ಹೆಂಗಿದೆ, ಅದು ನೋಡಬೇಕು" ಅನ್ನುತ್ತಿದ್ದರು. ಅಮೆರಿಕದ ಆಟದಲ್ಲೂ ಅವರು ಚೆಂಡಿನ ಹಿಂದೆ ಹೋಗಲಿಲ್ಲ. ಚೆಂಡು ಎಸೆಯುವವನ ಮುಂದೆ ಗೋಡೆಯ ಹಾಗೆ ನಿಲ್ಲುವ ಐದು ಜನ ದಡಿಯರಿರುತ್ತಾರೆ. ಜನ್ಮದಲ್ಲಿ ಚೆಂಡು ಮುಟ್ಟದವರು, ಟೀವಿಯವರು ತಿರುಗಿ ನೋಡದವರು. ಮೇಡಂಗೆ ಅವರೇ ಪ್ರಾಣ. "ನಮ್ಮ ಕೂತಿರೋರು" ಅಂತಲೇ ಅವರನ್ನು ಕರೆಯುತ್ತಿದ್ದರು.

ಕನ್ನಡದವನು ನಮ್ಮಲ್ಲಿ ಇನ್ನೊಬ್ಬನಿದ್ದ, ಬೆಂಗಳೂರಿನವನು, ಮೂವತ್ತರ ಆಸುಪಾಸು. ಅಂಕಿಅಂಶಗಳಲ್ಲಿ ಹುಲಿ. ನಾನು ಅವನನ್ನು ಜಾಣ ಎಂದೇ ಕರೆಯುತ್ತೇನೆ, ಹೊಟ್ಟೆಕಿಚ್ಚಿನಿಂದಲ್ಲ. ಸ್ವಲ್ಪ ಹೊಟ್ಟೆಕಿಚ್ಚಿನಿಂದ. ಅವನು ನನ್ನ ಎರಡೆರಡು ವಿಡಿಯೋ ನೋಡಿ, "ಅಂಕಲ್, ಯಾಕೆ ಡಬಲ್ ಕೆಲಸ? ಕೇಳಿರೋದು ಒಬ್ಬನ್ನ ತಾನೆ" ಅನ್ನುತ್ತಿದ್ದ. ಡಬಲ್ ಕೆಲಸಕ್ಕಿಂತ ಆ ಅಂಕಲ್ ನನಗೆ ನೋಯುತ್ತಿತ್ತು.

ಒಮ್ಮೆ ಮೇಡಂ ನಮ್ಮನ್ನೆಲ್ಲ ಪಾಸಿರ್ ರಿಸ್ ಕಡಲ ತೀರಕ್ಕೆ ಪಿಕ್ನಿಕ್ಕಿಗೆ ಕರೆದುಕೊಂಡು ಹೋದರು. ಪುಳಿಯೋಗರೆ ತಿಂದ ಮೇಲೆ ಶಿಳ್ಳೆ ಊದಿ, ಚೀನೀ, ಮಲಯ, ತಮಿಳು, ಕನ್ನಡ ಎಲ್ಲರನ್ನೂ ಹುಲ್ಲಿನ ಮೇಲೆ ಸಾಲಾಗಿ ಕುಕ್ಕರಗಾಲಿನಲ್ಲಿ ಕೂರಿಸಿದರು. ಜಾಣ ಓಡುವುದರಲ್ಲೂ ಜಾಣ. ಜಿಂಕೆಯ ಹಾಗೆ ಓಡಿದ, ಎಲ್ಲರೂ ಚಪ್ಪಾಳೆ ಹೊಡೆದರು. ನಾನು ಕೂತಲ್ಲೇ ಬೆವರುತ್ತಿದ್ದೆ. ನನ್ನ ಸರದಿ ಯಾವಾಗ, ಎದ್ದರೆ ಮಂಡಿ ಹಿಡಿದರೆ ಏನು ಗತಿ, ಇದೇ ಯೋಚನೆ. ಹಿಂದೆ ಹೆಜ್ಜೆ ಸಪ್ಪಳ ಕೇಳಿದ್ದೇ ತಡ, ಖೋ ಅನ್ನುವ ಮೊದಲೇ ಚಂಗನೆ ಎದ್ದು ಓಡಿಬಿಟ್ಟೆ.

"ಚಿಂತಾಮಣಿ! ಫೌಲ್! ಖೋ ಅನ್ನೋ ಮುಂಚೆನೇ ಎದ್ದುಬಿಟ್ಟಿರಲ್ಲ ರೀ!"

ಕಡಲ ತೀರವೆಲ್ಲ ನಕ್ಕಿತು. ಬಲೂನು ಮಾರುವವನೂ ನಕ್ಕ. ಮೇಡಂ ಮಾತ್ರ ನಗಲಿಲ್ಲ, ಶಿಳ್ಳೆಯನ್ನು ಬಾಯಲ್ಲೇ ಹಿಡಿದುಕೊಂಡು ನನ್ನನ್ನು ನೋಡುತ್ತಾ ನಿಂತಿದ್ದರು. ಬಹಳ ಸಿಟ್ಟಾಗಿದ್ದಾರೆ ಅಂದುಕೊಂಡು ಮನೆ ಮುಟ್ಟುವವರೆಗೂ ಕೊರಗಿದೆ.

ನಾನು ಹೇಳಬೇಕೆಂದಿರುವ ಡ್ರಾಫ್ಟ್ ಅದರ ಮುಂದಿನ ವರ್ಷದ್ದು. ಅಮೆರಿಕದ ತಂಡದಲ್ಲಿ ಆಟಗಾರರನ್ನು ಆರಿಸುವ ವಿಭಾಗಕ್ಕೆ ಹೊಸ ಮುಖ್ಯಸ್ಥರು ಬಂದಿದ್ದರು. ನಾವು ಅವರನ್ನು ದೊಡ್ಡವರು ಅನ್ನುತ್ತಿದ್ದೆವು. ಅವರು ವಿಡಿಯೋ ಕರೆಯಲ್ಲಿ ಮೊದಲ ದಿನವೇ ಹೇಳಿದರು: ಸಿಂಗಪುರದ ವಿಭಾಗ ನನಗೆ ಯಾಕೆ ಬೇಕು ಅಂತ ಈ ಡ್ರಾಫ್ಟಿನಲ್ಲಿ ತೋರಿಸಿ, ಇಲ್ಲದಿದ್ದರೆ ಒಪ್ಪಂದ ಮುಂದುವರಿಸುವುದಿಲ್ಲ. ಒಪ್ಪಂದ ಹೋದರೆ ವಿಭಾಗ ಹೋಯಿತು, ವಿಭಾಗ ಹೋದರೆ ನನ್ನ ಪಾಸ್ ಹೋಯಿತು. ನನ್ನ ಮಗಳಿಗೆ ಆ ವರ್ಷ ಆರನೇ ತರಗತಿಯ ದೊಡ್ಡ ಪರೀಕ್ಷೆ. "ಅಪ್ಪಾ, ನೀನು ವರಿ ಮಾಡೋದು ನೋಡಿದ್ರೆ ಎಕ್ಸಾಮ್ ನಿಂಗೇ ಇದೆ ಅನ್ಸುತ್ತೆ ಲಾ" ಅಂದಳು, ಇಲ್ಲಿಯ ಮಕ್ಕಳ ಧಾಟಿಯಲ್ಲಿ.

ದೊಡ್ಡವರು ಕೇಳಿದ್ದು ಒಬ್ಬನೇ ಹುಡುಗನ ಬಗ್ಗೆ. ದೊಡ್ಡ ಕಾಲೇಜಿನವನು, ಗೋಡೆಯ ಎಡತುದಿಯಲ್ಲಿ ನಿಲ್ಲುವವನು, ಉದ್ದ ತೋಳು, ದೇವಸ್ಥಾನದ ದ್ವಾರಪಾಲಕನಂಥ ಮೈಕಟ್ಟು. ಮೊದಲ ಸುತ್ತಿನಲ್ಲೇ ಅವನನ್ನು ತೆಗೆದುಕೊಳ್ಳುವುದು ಅಂತ ಅಲ್ಲಿ ಹೆಚ್ಚುಕಡಿಮೆ ತೀರ್ಮಾನವಾಗಿತ್ತು. ನಮ್ಮಿಂದ ಬೇಕಾಗಿದ್ದದ್ದು ಒಂದು ಹೂಂ. ಜಾಣನ ಅಂಕಿಅಂಶಗಳೂ ಹೂಂ ಅಂದವು.

ಮೇಡಂ ಒಂದು ವಾರ ಪರದೆಯ ಮುಂದಿನಿಂದ ಏಳಲಿಲ್ಲ. ಆಮೇಲೆ ನಮ್ಮಿಬ್ಬರನ್ನೂ ಕರೆದು ಬೆರಳು ತೋರಿಸಿದರು.

"ಇವನನ್ನ ತಗೋಬೇಕು."

"ಅದನ್ನೇ ಅವರೂ ಹೇಳ್ತಿರೋದು ಮೇಡಂ" ಅಂದ ಜಾಣ.

"ಅವನಲ್ಲ ಕಣೋ. ಅವನ ಪಕ್ಕದವನು."

ಪಕ್ಕದವನು ಮೋಟು ತೋಳಿನ, ದುಂಡುಮುಖದ ಹುಡುಗ. ಯಾರ ಪಟ್ಟಿಯಲ್ಲೂ ಮೇಲೆ ಇರಲಿಲ್ಲ. ಮೇಡಂ ವಿಡಿಯೋ ನಿಧಾನವಾಗಿ ಓಡಿಸಿ ತೋರಿಸಿದರು. ಪ್ರತಿ ಸಲ ಆಟ ಶುರುವಾಗುವ ಮುಂಚೆ ಈ ಹುಡುಗ ತಲೆ ತಿರುಗಿಸಿ ದ್ವಾರಪಾಲಕನಿಗೆ ಏನೋ ಹೇಳುತ್ತಾನೆ. ಎದುರಾಳಿ ಒಳಗಿನಿಂದ ನುಗ್ಗಿದಾಗ ದ್ವಾರಪಾಲಕ ಅರೆಗಳಿಗೆ ತಡ. ಅಷ್ಟರಲ್ಲಿ ಪಕ್ಕದವನ ಹೆಗಲು ಅಲ್ಲಿರುತ್ತದೆ. ತಳ್ಳಿ, ತಿರುಗಿ ತನ್ನವನನ್ನೂ ತಡೆಯುತ್ತಾನೆ. ಹೊಗಳಿಕೆಯೆಲ್ಲ ದ್ವಾರಪಾಲಕನಿಗೆ.

"ಇಬ್ಬರ ಕೆಲಸ ಇವನೊಬ್ಬನೇ ಮಾಡ್ತಿದಾನೆ. ಇದನ್ನೇ ಬರೀತೀನಿ."

ನನಗೆ ಮಗಳ ಪರೀಕ್ಷೆ ನೆನಪಾಯಿತು. "ಮೇಡಂ, ಅವರು ಕೇಳಿದ ಹುಡುಗನೂ ಒಳ್ಳೆಯವನೇ ಅಂತ ಸ್ವಲ್ಪ ಮೆತ್ತಗೆ ಬರೀಬಹುದಲ್ವಾ?"

"ಮೆತ್ತಗಿರೋಕೆ ಅದೇನು ಇಡ್ಲಿನಾ?"

"ಅಲ್ಲ, ಒಪ್ಪಂದ..."

"ಚಿಂತಾಮಣಿ, ಅವರು ಏನು ಕೇಳೋಕೆ ಇಷ್ಟಪಡ್ತಾರೋ ಅದನ್ನ ಹೇಳೋದಕ್ಕೆ ಅವರ ಊರಲ್ಲೇ ಜನ ಇದಾರೆ. ಸಮುದ್ರ ದಾಟಿ ನಮ್ಮನ್ನ ಯಾಕೆ ಇಟ್ಕೋಬೇಕು?"

ವರದಿ ಹೋಯಿತು. ದೊಡ್ಡವರಿಂದ ಕರೆ ಬಂತು. ಮುಖ ಕೆಂಪಗಿತ್ತು. ನಾನು ಕೇಳಿದ್ದು ಒಬ್ಬನ ಬಗ್ಗೆ ಅಂದರು. ಮೇಡಂ ತಮ್ಮ ಮೈಸೂರು ಇಂಗ್ಲಿಷಿನಲ್ಲಿ, ಕ್ಲಾಸಿಗೆ ಪಾಠ ಹೇಳುವ ಧಾಟಿಯಲ್ಲಿ, "ನೀವು ಒಬ್ಬನನ್ನು ಕೇಳಿದಿರಿ ಸರ್, ಆದರೆ ಅವನು ಒಬ್ಬನೇ ನಿಂತಿರಲಿಲ್ಲ" ಅಂದರು. ದೊಡ್ಡವರು ಪಟ್ಟು ಬಿಡಲಿಲ್ಲ. ಒಂದೆರಡು ಪಂದ್ಯದಲ್ಲಿ ಕಂಡದ್ದು ಸಾಕ್ಷಿಯಲ್ಲ. ಆ ಮೋಟು ತೋಳಿನವನು ಇಲ್ಲದಾಗ ದ್ವಾರಪಾಲಕ ಹೇಗೆ ಆಡಿದ, ಹಿಂದಿನ ವರ್ಷಗಳಲ್ಲಿ ಹೇಗೆ, ಅದು ಇದೆಯೇ? ಮೇಡಂ ಜಾಣನ ಕಡೆ ನೋಡಿದರು. ಜಾಣನ ಬಳಿ ಇದ್ದದ್ದೆಲ್ಲ ದ್ವಾರಪಾಲಕನ ಲೆಕ್ಕ. ಪಕ್ಕದವನ ಬಗ್ಗೆ ಯಾರೂ ಕೇಳಿಯೇ ಇರಲಿಲ್ಲವಲ್ಲ.

ನಾನು ಶಾಲೆಯ ಮಗುವಿನ ಹಾಗೆ ಕೈ ಎತ್ತಿದೆ. "ನನ್ನ ಹತ್ರ ಇದೆ."

"ಏನಿದೆ?"

"ಪಕ್ಕದವನದು. ಎಲ್ಲಾ ಪಂದ್ಯದ್ದು. ಮೊದಲ ವರ್ಷದಿಂದ."

"ಯಾಕ್ರೀ ಇಟ್ಕೊಂಡಿದೀರಿ?"

ನಾನು ಅವರ ಬೆರಳಿನ ಕಡೆ ನೋಡಿದೆ. ಮೇಡಂ ತಾವೂ ಬೆರಳನ್ನು ನೋಡಿಕೊಂಡರು. ಕೆಲಸದ ಮಧ್ಯೆ ಅವರು ಗಟ್ಟಿಯಾಗಿ ನಕ್ಕದ್ದನ್ನು ನಾನು ಕಂಡದ್ದು ಆಗಲೇ. ದೊಡ್ಡವರು ತಮ್ಮನ್ನೇ ನೋಡಿ ನಗುತ್ತಿದ್ದಾರೆ ಅಂದುಕೊಂಡಿರಬೇಕು.

ಪಕ್ಕದವನು ಗಾಯವಾಗಿ ಹೊರಗೆ ಕೂತ ಪಂದ್ಯಗಳು ನನ್ನ ವಿಡಿಯೋಗಳಲ್ಲಿ ಸಿಕ್ಕವು. ಅವುಗಳಲ್ಲಿ ಎಡಗಡೆಯ ಗೋಡೆ ಮತ್ತೆ ಮತ್ತೆ ಕುಸಿದಿತ್ತು. ಎಲ್ಲವನ್ನೂ ಜೋಡಿಸಿ ಕಳಿಸಿದೆವು. ದೊಡ್ಡವರಿಂದ ಬಂದ ಉತ್ತರ ಇಷ್ಟೇ: ನೋಡಿದೆ.

ಡ್ರಾಫ್ಟಿನ ಮೊದಲ ಸುತ್ತು ನಮಗೆ ಶುಕ್ರವಾರ ಬೆಳಿಗ್ಗೆ. ಆಫೀಸಿನ ಪರದೆಯ ಮುಂದೆ, ಇಲ್ಲಿಯವರು ಕೋಪಿ ಅನ್ನುವ ಕಾಫಿ ಕುಡಿಯುತ್ತಾ ಕೂತಿದ್ದೆವು. ನನ್ನ ಲೋಟ ಮಾತ್ರ ಹಾಗೇ ಆರುತ್ತಿತ್ತು. ನಮ್ಮ ತಂಡದ ಸರದಿ ಬಂದಾಗ ದ್ವಾರಪಾಲಕ ಇನ್ನೂ ಉಳಿದಿದ್ದ. ನಮ್ಮವರು ಅವನನ್ನು ಬಿಟ್ಟು ಬೇರೆ ಜಾಗದ ಆಟಗಾರನೊಬ್ಬನನ್ನು ತೆಗೆದುಕೊಂಡರು. ಮುಂದಿನ ಸರದಿಯವರು ಅವನನ್ನು ಬಾಚಿಕೊಂಡರು. ಟೀವಿಯವರು ನಮ್ಮ ತಂಡಕ್ಕೆ ಬುದ್ಧಿ ಕೆಟ್ಟಿದೆ ಅಂದರು. ನಾನು ಮನಸ್ಸಿನಲ್ಲೇ ಮನೆ ಸಾಮಾನು ಪ್ಯಾಕ್ ಮಾಡತೊಡಗಿದೆ. ಮೇಡಂ ಮೈಲೋ ಡಬ್ಬಿ ಮುಂದೆ ತಳ್ಳಿ, "ತಿನ್ನಿ. ಹೊಟ್ಟೆ ಖಾಲಿ ಇದ್ದರೆ ಚಿಂತೆ ಜಾಸ್ತಿ" ಅಂದರು. ಅವರ ಕೈಯ ಕೋಡುಬಳೆಯೂ ಕಚ್ಚದೆ ಹಾಗೇ ಇದ್ದದ್ದನ್ನು ನಾನು ಗಮನಿಸಿದೆ.

ಶನಿವಾರ ಬೆಳಿಗ್ಗೆ, ಮೂರನೆಯ ಸುತ್ತಿನಲ್ಲಿ, ನಮ್ಮ ತಂಡ ಮೋಟು ತೋಳಿನ ಹುಡುಗನ ಹೆಸರು ಹೇಳಿತು. ಟೀವಿಯವರ ಬಳಿ ಅವನ ಒಳ್ಳೆಯ ಫೋಟೋ ಕೂಡ ಇರಲಿಲ್ಲ. ನಮ್ಮವರೆಲ್ಲ ಕುಣಿದರು. ಮೇಡಂ ಡ್ರಾಯರಿನಿಂದ ಶಿಳ್ಳೆ ತೆಗೆದು ಉದ್ದಕ್ಕೆ ಊದಿದರು. ಪಕ್ಕದ ಆಫೀಸಿನವರು ಈ ಸಲ ಓಡಲಿಲ್ಲ.

ಒಪ್ಪಂದ ಒಂದು ವರ್ಷಕ್ಕೆ ಮುಂದುವರಿಯಿತು. ಹುಡುಗ ಆಡಿದರೆ ಮುಂದಿನ ಮಾತು ಅಂದರು ದೊಡ್ಡವರು. ಆ ಇಡೀ ವರ್ಷ ನಾನು ಆ ಹುಡುಗನ ಮೊಣಕಾಲಿಗಾಗಿ ಹರಕೆ ಹೊತ್ತೆ. ಅವನ ತಾಯಿಯೂ ಅಷ್ಟು ಹೊತ್ತಿರಲಿಕ್ಕಿಲ್ಲ. ಮೊದಲ ಕೆಲವು ಪಂದ್ಯ ಹೊರಗೇ ಕೂರಿಸಿದ್ದರು. "ನೋಡಿ, ಕೂತಿರೋವಾಗ ಹೆಂಗೆ ನೋಡ್ತಿದಾನೆ" ಅಂದರು ಮೇಡಂ. ಒಮ್ಮೆ ಒಳಗೆ ಬಂದ ಮೇಲೆ ಅವನನ್ನು ಹೊರಗೆ ಕಳಿಸುವ ಮಾತೇ ಬರಲಿಲ್ಲ. ದ್ವಾರಪಾಲಕನೂ ತನ್ನ ಹೊಸ ತಂಡದಲ್ಲಿ ಚೆನ್ನಾಗಿಯೇ ಆಡಿದ, ಅದನ್ನೂ ಹೇಳಬೇಕು. "ಅವನನ್ನ ನಾನು ಕಮ್ಮಿ ತೂಗಿದೆ. ಅದು ನನ್ನ ತಪ್ಪು" ಅಂತ ಮೇಡಂ ತಾವಾಗಿಯೇ ದೊಡ್ಡವರಿಗೆ ಬರೆದು ಕಳಿಸಿದರು. ಇದನ್ನು ಬರೆಯುವ ಅಗತ್ಯವೇ ಇರಲಿಲ್ಲ ಅಂತ ನಾನು ಎರಡು ದಿನ ಗೊಣಗಿದೆ. ಆದರೆ ದೊಡ್ಡವರು ನಮ್ಮನ್ನು ಪೂರ್ತಿ ನಂಬಿದ್ದು ಆ ಪತ್ರದ ಮೇಲೆಯೇ.

ಆ ವರ್ಷದ ಆಟಗಳು ಮುಗಿದ ಮೇಲೆ ದೊಡ್ಡವರು ಕರೆ ಮಾಡಿ, ದೀರ್ಘಕಾಲದ ಒಪ್ಪಂದ ಮಾಡಿಕೊಳ್ಳುತ್ತೇವೆ ಅಂದರು. ನಾವು ಉಸಿರು ಬಿಡುವಷ್ಟರಲ್ಲಿ ಮೇಡಂ, "ಸಂತೋಷ ಸರ್. ಆದರೆ ನಾನು ನಿಲ್ಲಿಸುತ್ತೇನೆ. ಮೈ ಕೇಳ್ತಿಲ್ಲ" ಅಂದರು. ಅವರ ಕಾಯಿಲೆಯ ಸುದ್ದಿ ನಮಗೆ ತಿಳಿದದ್ದು ಹಾಗೆ, ಎಲ್ಲರೆದುರಿಗೆ, ಅರ್ಧ ವಾಕ್ಯದಲ್ಲಿ. ಹಾಗಾದರೆ ನಿಮ್ಮ ಜಾಗಕ್ಕೆ ಯಾರು ಅಂತ ದೊಡ್ಡವರು ಕೇಳಿದರು.

ಮೇಡಂ ತಿರುಗಿ ಬೆರಳು ತೋರಿಸಿದರು. ನನ್ನ ಪಕ್ಕದಲ್ಲಿ ಕೂತಿದ್ದ ಜಾಣನನ್ನು ನೋಡಿ ದೊಡ್ಡವರು ಪರದೆಯಿಂದಲೇ ಅಭಿನಂದನೆ ಹೇಳಿದರು. ಮೊದಲು ಚಪ್ಪಾಳೆ ಹೊಡೆದವನು ನಾನೇ. ಹೊಡೆಯುತ್ತಲೇ, ಹಳೆಯ ಅಭ್ಯಾಸದಂತೆ, ಬೆರಳಿನ ಬುಡ ನೋಡಿದೆ.

ಚಪ್ಪಾಳೆಯ ಕೈ ಅಲ್ಲೇ ನಿಂತಿತು.

"ಅವನಲ್ಲ ಸರ್" ಅಂದರು ಮೇಡಂ. "ಅವನ ಪಕ್ಕದವನು."

ಅಂದು ಸಂಜೆ ಎಂಆರ್‌ಟಿ ರೈಲಿನಲ್ಲಿ ಅವರ ಜೊತೆ ಕ್ಲೆಮೆಂಟಿಯವರೆಗೂ ಹೋದೆ. ಬ್ಯಾಗು ನಾನು ಹಿಡಿದುಕೊಂಡೆ, ಅವರು ಬೇಡ ಅನ್ನಲಿಲ್ಲ. ನಿಮಗೆ ತಪ್ಪಾಗಿದೆ, ನಾನು ಹೆದರುಪುಕ್ಕಲ, ರಾತ್ರಿ ನಿದ್ದೆ ಬರದವನು ಅಂತ ದಾರಿಯುದ್ದಕ್ಕೂ ವಾದಿಸಿದೆ.

"ಗೊತ್ತು ರೀ. ಪಾಸಿರ್ ರಿಸ್‌ನಲ್ಲೇ ಆರಿಸಿಬಿಟ್ಟಿದ್ದೆ ನಿಮ್ಮನ್ನ" ಅಂದರು. "ಅಷ್ಟು ಜನ ಕೂತಿದ್ರಲ್ಲ, ಕಾಲಿನ ಮೇಲೆ ಭಾರ ಇಟ್ಟುಕೊಂಡು ಕೂತಿದ್ದೋರು ನೀವೊಬ್ಬರೇ. ಹೆದರಿಕೆಯಿಂದಾನೇ ಇರಲಿ. ಖೋ ಅನ್ನೋವರೆಗೂ ತಡೀರಿ ಅಂತ ಕಲಿಸಬಹುದು. ಎದ್ದೇಳೋದನ್ನ ಕಲಿಸೋಕಾಗಲ್ಲ."

ಮುಂದಿನ ಡ್ರಾಫ್ಟನ್ನು ಅವರು ನೋಡಲಿಲ್ಲ. ಅವರನ್ನು ಕಳಿಸಿಕೊಡಲು ಚಿತಾಗಾರಕ್ಕೆ ಹೋದಾಗ ಅವರ ಪ್ರೊಫೆಸರ್ ಗಂಡ ನನ್ನ ಕೈಗೆ ಹಿತ್ತಾಳೆ ಶಿಳ್ಳೆ ಇಟ್ಟರು. ಊದುವ ಧೈರ್ಯ ಇನ್ನೂ ಬಂದಿಲ್ಲ. ಆ ಹುಡುಗ ಈಗಲೂ ಆಡುತ್ತಿದ್ದಾನೆ. ಅವನ ಪಂದ್ಯವಿದ್ದ ದಿನ ಮೈಲೋ ಡಬ್ಬಿಗೆ ನನ್ನ ಹೆಂಡತಿ ಕರಿದ ಕೋಡುಬಳೆ ತುಂಬಿಸಿಕೊಂಡು ಹೋಗುತ್ತೇನೆ, ಮತ್ತು ಯಾರು ಕೇಳಲಿ ಬಿಡಲಿ, ಇವನನ್ನು ಆರಿಸಿದವರು ನಮ್ಮ ಮೈಸೂರಿನವರು ಅಂತ ಹೇಳುತ್ತೇನೆ. ಜಾಣ ನನ್ನ ಜೊತೆಯೇ ಇದ್ದಾನೆ. ಈಗ ಅವನೂ ಪಕ್ಕದವರ ಲೆಕ್ಕ ಇಡುತ್ತಾನೆ, ಅಂಕಲ್ ಅನ್ನುವುದನ್ನು ಮಾತ್ರ ಬಿಟ್ಟಿಲ್ಲ.

ಹೊಸಬರು ಕೆಲಸಕ್ಕೆ ಬಂದಾಗ ಪರದೆಯ ಮುಂದೆ ನಿಂತು ನಾನೇ ಕಲಿಸುತ್ತೇನೆ. ನನ್ನ ಬೆರಳು ನೆಟ್ಟಗಿದೆ. ಯಾರನ್ನು ತೋರಿಸುತ್ತೇನೋ ಅವನನ್ನೇ ನೋಡುತ್ತಾರೆ, ಅವನೊಬ್ಬನನ್ನೇ. ಇದು ಸರಿಹೋಗದು ಅಂತ ಬೇಗ ಗೊತ್ತಾಯಿತು. ಅದಕ್ಕೇ ಈಗ ತೋರಿಸುವಾಗ ಮೇಲಿನ ಗೆಣ್ಣನ್ನು ಇನ್ನೊಂದು ಕೈಯಿಂದ ಒತ್ತಿ ಹಿಡಿದು, ಸ್ವಲ್ಪ ಎಡಕ್ಕೆ ಬಾಗಿಸುತ್ತೇನೆ.